ಹೇಮಾವತಿಯ ಮಡಿಲಿನಲ್ಲಿ ಒಂದು ಹಳ್ಳಿ, ಒಂದು ದೇವಾಲಯ

ಕಪಿಲೆಯ ದಂಡೆಯ ಮೇಲಿರುವ ಹುಲ್ಲಹಳ್ಳಿಯ ಜನರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಣೆಕಟ್ಟೆಯಿಂದ ನಾಲೆಗೆ ನೀರು ಬಿಟ್ಟರೆಂಬ ಸುದ್ದಿ ಬಂದರೆ ಸಾಕು, ಊರಿನ ಮುಖದಲ್ಲಿ ಕಳೆ ಬರುತ್ತದೆ. ಗದ್ದೆಗಳಲ್ಲಿ ಹಸಿರು ತುಂಬುತ್ತದೆ, ಕೂಲಿಗೆ ಕೆಲಸ ಸಿಗುತ್ತದೆ, ಮಕ್ಕಳ ಮದುವೆಯ ಮಾತು ಮುಂದುವರಿಯುತ್ತದೆ. ಆದರೆ ಹೀಗೆ ಹರಿದು ಬರುವ ನೀರು ಎಲ್ಲಿ ನಿಂತು, ಏನನ್ನು ಮುಳುಗಿಸಿ ನಮ್ಮಲ್ಲಿಗೆ ಬಂದಿತೆಂಬುದನ್ನು ನಾವು ಕೇಳುವುದು ಅಪರೂಪ. ಹೆಗ್ಗಡದೇವನಕೋಟೆಯ ಬೀಚನಹಳ್ಳಿಯಲ್ಲಿ 1974ರಲ್ಲಿ ಕಬಿನಿ ಜಲಾಶಯ ಸಿದ್ಧವಾದಾಗ, ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕೀರ್ತಿಪುರ, ಅಂದರೆ ಇಂದಿನವರು ಕಿತ್ತೂರು ಎಂದು ಕರೆಯುತ್ತಿದ್ದ ಊರು, ನೀರಿನ ಪಾಲಾಯಿತು. ನಮ್ಮ ಗದ್ದೆಯ ಹಸಿರಿನಲ್ಲಿ ಆ ಊರಿನ ಋಣವೂ ಸೇರಿದೆ.

ಇದೇ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿ ಎದುರಿನಿಂದ ಬರುವ ಕಾವೇರಿಯ ನೀರಿನಲ್ಲಿ ಇನ್ನೊಬ್ಬ ಹೊಳೆತಾಯಿಯ ಪಾಲೂ ಉಂಟು. ಆಕೆ ಹೇಮಾವತಿ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ, ಸಕಲೇಶಪುರವನ್ನು ಹಾದು, ಹಾಸನ ಸೀಮೆಯನ್ನು ಸುತ್ತಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರುವವಳು. ಆ ಹೇಮಾವತಿಯ ದಡದಲ್ಲಿದ್ದ ಒಂದು ಹಳ್ಳಿಯ ಮತ್ತು ಅಲ್ಲಿನ ಧರ್ಮಕೇಂದ್ರದ ದೇವಾಲಯದ ಕಥೆಯನ್ನು ಈ ವಾರ ವಾಚಕರ ಮುಂದಿಡಬಯಸುತ್ತೇವೆ. ಹಳ್ಳಿಯ ಹೆಸರು ಶೆಟ್ಟಿಹಳ್ಳಿ. ಹಾಸನ ಪಟ್ಟಣದಿಂದ ಸುಮಾರು 22 ಕಿಲೋಮೀಟರ್ ದೂರ. ದೇವಾಲಯ ಜಪಮಾಲೆ ಮಾತೆಗೆ ಅರ್ಪಿತವಾದುದು. ಇಂದು ಅದಕ್ಕೆ ಛಾವಣಿಯಿಲ್ಲ, ಬಾಗಿಲಿಲ್ಲ, ಬಲಿಪೀಠವಿಲ್ಲ. ಸುತ್ತ ಊರೂ ಇಲ್ಲ. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿ ಅದು ನಡುನೀರಿನಲ್ಲಿ ನಿಂತಿರುತ್ತದೆ.

ಹಳ್ಳಿಗೆ ದೇವಾಲಯವೆಂದರೇನು?

ಒಂದು ಹಳ್ಳಿಯ ದೇವಾಲಯವೆಂದರೆ ಭಾನುವಾರದ ಬಲಿಪೂಜೆಯ ಕಟ್ಟಡ ಮಾತ್ರವಲ್ಲ. ಗಡಿಯಾರವಿಲ್ಲದ ಕಾಲದಲ್ಲಿ ಊರಿಗೆ ಹೊತ್ತು ತಿಳಿಸುತ್ತಿದ್ದುದು ಅದರ ತ್ರಿಕಾಲ ಪ್ರಾರ್ಥನೆಯ ಗಂಟೆ. ಬಿತ್ತನೆ ಯಾವಾಗ, ಹಬ್ಬ ಯಾವಾಗ, ಮದುವೆ ಮಾಡಬಾರದ ತಪಸ್ಸಿನ ಕಾಲ ಯಾವುದು ಎಂಬುದನ್ನು ಊರು ಅಲ್ಲಿಂದಲೇ ಲೆಕ್ಕ ಹಾಕುತ್ತಿತ್ತು. ಹುಟ್ಟಿದ ಮಗುವಿಗೆ ಜ್ಞಾನಸ್ನಾನವಾದದ್ದು ಅಲ್ಲಿ. ಮದುವೆಯ ಮುನ್ನ ಮೂರು ವಾರ ಹೆಸರು ಕೂಗಿದ್ದು ಅಲ್ಲಿ. ಸತ್ತವರನ್ನು ಒಯ್ದದ್ದು ಅದರ ಪಕ್ಕದ ಸಮಾಧಿ ಭೂಮಿಗೆ. ನವೆಂಬರ್ 2ರಂದು ಸಕಲ ಮೃತರ ಸ್ಮರಣೆಗೆ ಮೇಣದ ಬತ್ತಿ ಹಚ್ಚಲು ಹೋಗುತ್ತಿದ್ದುದೂ ಅಲ್ಲಿಗೇ. ಹೀಗೆ ಮೂರು ನಾಲ್ಕು ತಲೆಮಾರುಗಳ ಹುಟ್ಟು ಸಾವುಗಳು ಒಂದೇ ಅಂಗಳದಲ್ಲಿ ಕೂಡಿಬಿದ್ದಿರುವಾಗ, ಆ ಅಂಗಳವೇ ಇಲ್ಲವಾದರೆ ಊರಿಗೆ ಆಗುವ ನಷ್ಟವನ್ನು ಯಾವ ಪರಿಹಾರದ ಪಟ್ಟಿಯಲ್ಲಿ ಬರೆಯಲು ಸಾಧ್ಯ?

ಮೈಸೂರು ಸೀಮೆಯ ಹಳೆಯ ಬೇರು

ನಮ್ಮ ಸೀಮೆಯ ಗ್ರಾಮೀಣ ಕಥೋಲಿಕ ಸಮುದಾಯಗಳ ಬೇರು ಬಹು ಹಳೆಯದು. ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ನಾಡಿನ ಒಳಭಾಗದಲ್ಲಿ ಧರ್ಮಸೇವೆ ಆರಂಭಿಸಿದ್ದು 17ನೇ ಶತಮಾನದ ನಡುಭಾಗದಲ್ಲಿ. 1773ರಲ್ಲಿ ಪೋಪ್ 14ನೆಯ ಕ್ಲೆಮೆಂಟರು ಜೆಸ್ವಿಟ್ ಸಂಘವನ್ನು ರದ್ದುಗೊಳಿಸಿದ ಬಳಿಕ ಈ ಹೊಣೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳ ಹೆಗಲಿಗೆ ಬಂದಿತು. ನಡುವೆ ಯುದ್ಧಗಳು ನಡೆದವು, ಜನ ಚದುರಿದರು, ಹಲವು ಕಡೆ ದೇವಾಲಯಗಳು ಪಾಳುಬಿದ್ದವು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಹೀಗೆ ಚದುರಿದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವರೇ ಅಬ್ಬೆ ದುಬುವಾ. ಫ್ರಾನ್ಸಿನ ದಕ್ಷಿಣದ ಒಂದು ಹಳ್ಳಿಯಲ್ಲಿ ಹುಟ್ಟಿ, 1792ರಲ್ಲಿ ಗುರುದೀಕ್ಷೆ ಪಡೆದು, ಪುದುಚೇರಿಯ ಮೂಲಕ ನಮ್ಮಲ್ಲಿಗೆ ಬಂದ ಇವರು ಕಾವಿ ಉಡುಗೆ ತೊಟ್ಟರು, ಮಾಂಸಾಹಾರ ಬಿಟ್ಟರು, ಜನರ ನಡುವೆ ಜನರಂತೆ ಬಾಳಿದರು. ಸಿಡುಬು ಸೀಮೆಯನ್ನು ಕಾಡುತ್ತಿದ್ದ ದಿನಗಳಲ್ಲಿ, 1803 ಮತ್ತು 1804ರ ಅವಧಿಯಲ್ಲಿ, ಅವರ ಶ್ರಮದಿಂದ ಸುಮಾರು 25,000 ಮಂದಿಗೆ ಲಸಿಕೆ ಹಾಕಲಾಯಿತು. ನೆಲವಿಲ್ಲದ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟರು. ಹಾಸನ ಸೀಮೆಯ ಸಾತಳ್ಳಿ ಅವುಗಳಲ್ಲಿ ಮುಖ್ಯವಾದುದು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಜನ ಗುರುತಿಸುವ ದೇವಾಲಯವಿದೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಇದೇ ದುಬುವಾ 1823ರಲ್ಲಿ ಭಾರತವನ್ನು ಬಿಟ್ಟು ಹೋಗುವಾಗ ಮನಸ್ಸಿನಲ್ಲಿ ದೊಡ್ಡ ನಿರಾಶೆಯನ್ನು ಹೊತ್ತಿದ್ದರು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅದೇ ವರ್ಷ ಪ್ರಕಟವಾದ ಅವರ ಪತ್ರಗಳಲ್ಲಿ, ಈ ನೆಲದಲ್ಲಿ ತಮ್ಮ ಧರ್ಮಕ್ಕೆ ಭವಿಷ್ಯವಿಲ್ಲವೆಂಬ ಧ್ವನಿಯೇ ಕೇಳುತ್ತದೆ. 1848ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಆದರೆ ಅವರು ಬಿತ್ತಿದ ಬೇಸಾಯದ ಹಳ್ಳಿಗಳು ಉಳಿದವು. ಗ್ರಂಥ ಬರೆದ ಕೈ ಸೋತೆನೆಂದಿತು, ನೇಗಿಲು ಹಿಡಿದ ಕೈ ಸೋಲಲಿಲ್ಲ.

ಅವರ ನಂತರ ಮೈಸೂರಿಗೆ ಪ್ರತ್ಯೇಕ ಧರ್ಮಾಧಿಕಾರ ಬಂದಿತು. ಧರ್ಮಾಧ್ಯಕ್ಷ ಶಾರ್ಬೊನ್ನೊ ಅವರ ಕಾಲದಲ್ಲಿ, ಅಂದರೆ 19ನೇ ಶತಮಾನದ ಮಧ್ಯಭಾಗದಲ್ಲಿ, ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಕನ್ನಡ ಪುಸ್ತಕಗಳು ಹೊರಬಂದವು. 1861ರಲ್ಲಿ ಅಚ್ಚಾದ ಲ್ಯಾಟಿನ್-ಕನ್ನಡ ನಿಘಂಟು ಅವರ ಹೆಸರನ್ನು ಹೊತ್ತಿದೆ. ಪುಸ್ತಕಗಳ ಜೊತೆಯಲ್ಲಿಯೇ ಹಳ್ಳಿಗಳಲ್ಲಿ ಹುಲ್ಲಿನ ಪ್ರಾರ್ಥನಾ ಮಂದಿರಗಳ ಜಾಗದಲ್ಲಿ ಇಟ್ಟಿಗೆ ಗಾರೆಯ ದೇವಾಲಯಗಳು ಎದ್ದವು. ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ಫ್ರೆಂಚ್ ಗುರುಗಳು ಕಟ್ಟಿಸಿದ್ದು ಈ ಕಾಲಘಟ್ಟದಲ್ಲಿ, 1860ರ ದಶಕದಲ್ಲಿ.

ಹೊಳೆಯ ದಡದ ಗಾಥಿಕ್ ದೇವಾಲಯ

ಇಂದು ಉಳಿದಿರುವ ಗೋಡೆಗಳನ್ನು ನೋಡಿದರೂ ಅದರ ಹಿಂದಿನ ಘನತೆಯನ್ನು ಊಹಿಸಬಹುದು. ಗಾಥಿಕ್ ಶೈಲಿ ಎಂದು ಶಿಲ್ಪಶಾಸ್ತ್ರಜ್ಞರು ಕರೆಯುವ ರೀತಿ ಅದು. ಚೂಪು ತುದಿಯ ಎತ್ತರದ ಕಮಾನುಗಳು, ನೀಳ ಕಿಟಕಿಗಳು, ಬಲಿಪೀಠದ ಹಿಂದೆ ಅರ್ಧವೃತ್ತಾಕಾರದಲ್ಲಿ ಬಳಸಿಬಂದ ಗೋಡೆ, ಮುಗಿಲಿಗೆ ಮುಖ ಮಾಡಿದ ಗೋಪುರ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಆ ಹೊಲಗದ್ದೆಗಳ ನಡುವೆ, ಹೆಂಚು ಹುಲ್ಲಿನ ಮನೆಗಳ ಮೇಲೆ ತಲೆಯೆತ್ತಿ ನಿಂತ ಈ ಗೋಪುರ ಹಲವು ಮೈಲಿ ದೂರದಿಂದ ಕಾಣುತ್ತಿದ್ದಿರಬೇಕು. ಬೆಲ್ಲ ಮತ್ತು ಮೊಟ್ಟೆಯನ್ನು ಬೆರೆಸಿ ಅರೆದ ಗಾರೆಯಿಂದ ಕಟ್ಟಿದ್ದಕ್ಕೇ ಅದು ಇಷ್ಟು ಕಾಲ ನಿಂತಿದೆಯೆಂದು ಸುತ್ತಲಿನ ಜನ ಹೇಳುತ್ತಾರೆ. ಸುಣ್ಣದ ಗಾರೆಗೆ ಬೆಲ್ಲದ ನೀರು ಸೇರಿಸುವುದು ನಮ್ಮ ಗಾರೆ ಕೆಲಸದವರ ಹಳೆಯ ಪದ್ಧತಿಯೇ ಹೌದು. ಫ್ರಾನ್ಸಿನ ಗುರುಗಳು ನಕ್ಷೆ ತಂದಿರಬಹುದು, ಗಾರೆ ಅರೆದ ಕೈಗಳು ಮಾತ್ರ ಈ ನೆಲದವೇ.

ಅದೇ ಹೇಮಾವತಿಯ ದಡದ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಬಾಳನ್ನು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸೊಗಸಾಗಿ ಚಿತ್ರಿಸಿದರೆಂಬುದನ್ನು ಕನ್ನಡ ಓದುಗರು ಬಲ್ಲರು. ಆ ಹೊಳೆಯ ಹೆಸರನ್ನೇ ಅವರು ಒಂದು ಕಾದಂಬರಿಗೆ ಇಟ್ಟರು. ಆ ಬರಹಗಳಿಂದಾಗಿ ಗೊರೂರಿನ ಹೊಳೆ, ಸೇತುವೆ, ಸಂತೆ, ಜಗಳ, ನಗು ಎಲ್ಲವೂ ನಮಗೆ ನೆನಪಿವೆ. ಶೆಟ್ಟಿಹಳ್ಳಿಗೆ ಅಂಥ ಒಬ್ಬ ಬರಹಗಾರ ಸಿಗಲಿಲ್ಲ. ಈ ಲೇಖನದ ನೋವು ಅಲ್ಲಿಯೇ ಇದೆ.

ಅಣೆಕಟ್ಟು ಬಂದಿತು

ಅದೇ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಕಟ್ಟುವ ಕೆಲಸ 1960ರ ದಶಕದಲ್ಲಿ ಮೊದಲಾಗಿ 1979ರಲ್ಲಿ ಮುಗಿಯಿತು. ಪೂರ್ಣಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಹಿಡಿಯುವ ನೀರು ಸುಮಾರು 37 ಟಿ.ಎಂ.ಸಿ. ಅಡಿ. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಒಣಭೂಮಿಗೆ ಅದರಿಂದ ನೀರಾಯಿತು. ಬರಗಾಲದ ಸೀಮೆಯೆಂದು ಹೆಸರಾಗಿದ್ದ ಕಡೆಗಳಲ್ಲಿ ತೆಂಗು, ಭತ್ತ ಬೆಳೆದವು. ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ನೀರು ನಿಲ್ಲಬೇಕಾದ ಜಾಗದಲ್ಲಿ ಆಗಲೇ ಊರುಗಳಿದ್ದವು. ಅವುಗಳಲ್ಲಿ ಶೆಟ್ಟಿಹಳ್ಳಿಯೂ ಒಂದು.

ಅಂದು ಜಾರಿಯಲ್ಲಿದ್ದುದು ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯಿದೆ. ಹೊಲಕ್ಕೆ ಇಷ್ಟು, ಮನೆಗೆ ಇಷ್ಟು, ಮರಕ್ಕೆ ಇಷ್ಟು ಎಂದು ಬೆಲೆ ಕಟ್ಟುವುದು ಆ ಕಾಯಿದೆಯ ಸ್ವಭಾವ. ಊರು ಎಂಬ ಒಟ್ಟು ಬಾಳುವೆಗೆ, ನೆರೆಹೊರೆಗೆ, ಒಂದೇ ಗಂಟೆಯ ಸದ್ದಿಗೆ ಎದ್ದು ಮಲಗುತ್ತಿದ್ದ ಮನೆಗಳಿಗೆ ಅದರಲ್ಲಿ ಹೆಸರಿರಲಿಲ್ಲ. 2013ರಲ್ಲಿ ಬಂದು 2014ರ ಜನವರಿಯಿಂದ ಜಾರಿಯಾದ ಹೊಸ ಕಾಯಿದೆ ಈ ಕೊರತೆಯನ್ನು ಒಂದಿಷ್ಟು ತುಂಬಿದೆ. ಊರನ್ನು ಎಬ್ಬಿಸುವ ಮೊದಲು ಸಮಾಜದ ಮೇಲಾಗುವ ಪರಿಣಾಮವನ್ನು ಪರಿಶೀಲಿಸಬೇಕೆಂದೂ, ಹೊಸ ನೆಲೆಯಲ್ಲಿ ಶಾಲೆ, ಕುಡಿಯುವ ನೀರಿನ ಜೊತೆಗೆ ಪೂಜಾಸ್ಥಳವೂ ಸಮುದಾಯದ ಪದ್ಧತಿಗೆ ತಕ್ಕ ಸ್ಮಶಾನವೂ ಇರಬೇಕೆಂದೂ ಅದು ಹೇಳುತ್ತದೆ. ದೇವಾಲಯವೂ ಸಮಾಧಿ ಭೂಮಿಯೂ ಊರಿನ ಅಂಗವೆಂದು ಕಾನೂನು ಒಪ್ಪಿಕೊಳ್ಳಲು ಇಷ್ಟು ಕಾಲ ಬೇಕಾಯಿತು. ಶೆಟ್ಟಿಹಳ್ಳಿಯ ಪಾಲಿಗೆ ಆ ಒಪ್ಪಿಗೆ ತಡವಾಗಿ ಬಂದಿತು.

ಜನ ಮನೆ ಕಳಚಿ, ಮರಮುಟ್ಟು ಹೊತ್ತು ಬೇರೆಡೆಗೆ ಹೋದರು. ಮಣ್ಣಿನ ಮನೆಗಳು ನೀರಿನಲ್ಲಿ ಕರಗಿದವು. ಇಟ್ಟಿಗೆ ಗಾರೆಯ ದೇವಾಲಯ ಕರಗಲಿಲ್ಲ. ಮುಂಗಾರಿನಲ್ಲಿ ಹಿನ್ನೀರು ಏರಿದಂತೆ ಗೋಡೆಗಳ ಕೆಳಭಾಗ ಮುಳುಗುತ್ತದೆ, ಬೇಸಗೆಯಲ್ಲಿ ನೀರು ಇಳಿದಾಗ ಕೆಸರು ಒಣಗಿ ಬಿರಿದು, ಮತ್ತೆ ಬಾಗಿಲವರೆಗೆ ನಡೆದು ಹೋಗಬಹುದು. ಅಕ್ಟೋಬರ್ 7 ಜಪಮಾಲೆ ಮಾತೆಯ ಹಬ್ಬ. ಒಂದು ಕಾಲಕ್ಕೆ ಆ ದಿನ ಊರೆಲ್ಲ ಸೇರುತ್ತಿದ್ದ ಅಂಗಳದಲ್ಲಿ, ಮಳೆ ಚೆನ್ನಾದ ವರ್ಷ, ಅದೇ ದಿನ ತೆಪ್ಪ ತೇಲುವಷ್ಟು ನೀರು ಇರುತ್ತದೆ.

ದೂರದ ಇಂಗ್ಲೆಂಡಿನ ಒಂದು ಹಳ್ಳಿ

ಇಂಥ ವಿಧಿ ನಮ್ಮ ನಾಡಿನ ಊರುಗಳಿಗೆ ಮಾತ್ರ ಬಂದುದಲ್ಲ. ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಗುಡ್ಡಗಳ ನಡುವೆ ಡರ್ವೆಂಟ್ ಎಂಬ ಸಣ್ಣ ಹಳ್ಳಿಯಿತ್ತು. ಕಲ್ಲಿನ ಮನೆಗಳು, 17ನೇ ಶತಮಾನದ ಒಂದು ದೊಡ್ಡ ಮನೆ, ಹೊಳೆಗೆ ಅಡ್ಡಲಾಗಿ ಹೇರುಕುದುರೆಗಳು ದಾಟುತ್ತಿದ್ದ ಹಳೆಯ ಸೇತುವೆ, ಮತ್ತು ಗೋಪುರವಿದ್ದ ಒಂದು ದೇವಾಲಯ. ಅದು ಆಂಗ್ಲಿಕನ್ ಧರ್ಮಸಭೆಗೆ ಸೇರಿದ್ದು, ಸಂತ ಯಾಕೋಬ ಮತ್ತು ಸಂತ ಯೋವಾನ್ನರ ಹೆಸರಿನದು. ಸುತ್ತಲಿನ ಕೈಗಾರಿಕಾ ಪಟ್ಟಣಗಳಿಗೆ ಕುಡಿಯುವ ನೀರು ಬೇಕಾಗಿ ಲೇಡಿಬವರ್ ಎಂಬ ಜಲಾಶಯವನ್ನು ಕಟ್ಟಲು 1935ರಲ್ಲಿ ಕೆಲಸ ಮೊದಲಾಯಿತು. ಡರ್ವೆಂಟ್ ಮತ್ತು ನೆರೆಯ ಆ್ಯಷೊಪ್ಟನ್ ಎಂಬ ಎರಡು ಊರುಗಳೂ ಮುಳುಗಬೇಕೆಂದು ತೀರ್ಮಾನವಾಯಿತು.

ಅಲ್ಲಿ ಏನು ಮಾಡಿದರೆಂಬುದನ್ನು ಕ್ರಮವಾಗಿ ನೋಡಬೇಕು. ಸಮಾಧಿ ಭೂಮಿಯಲ್ಲಿದ್ದವರ ಅಸ್ಥಿಗಳನ್ನು ತೆಗೆದು ಸಮೀಪದ ಬ್ಯಾಮ್‌ಫರ್ಡ್ ಎಂಬ ಊರಿನಲ್ಲಿ ಮತ್ತೆ ಗೌರವದಿಂದ ಹೂಳಿದರು. ಹಳೆಯ ಸೇತುವೆಯ ಕಲ್ಲುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಹೊಳೆಯ ಮೇಲ್ಭಾಗದಲ್ಲಿ ಮತ್ತೆ ಜೋಡಿಸಿದರು. ದೇವಾಲಯದಲ್ಲಿ ಕಡೆಯ ಆರಾಧನೆ ನಡೆದದ್ದು 1943ರ ಮಾರ್ಚ್ 17ರಂದು. ಅದರ ಗಂಟೆಯನ್ನು ಡರ್ಬಿ ನಗರದ ಒಂದು ದೇವಾಲಯಕ್ಕೆ ಕೊಟ್ಟರು. ಮುಳುಗಿದ ಊರಿನ ಗಂಟೆ ಇನ್ನೊಂದು ಊರನ್ನು ಪ್ರಾರ್ಥನೆಗೆ ಕರೆಯುವಂತಾಯಿತು. 1945ರಲ್ಲಿ ದೊರೆ ಆರನೆಯ ಜಾರ್ಜರು ಜಲಾಶಯವನ್ನು ಉದ್ಘಾಟಿಸಿದರು. ಗೋಪುರವನ್ನು ಮಾತ್ರ ಸ್ಮಾರಕವಾಗಿ ಬಿಟ್ಟಿದ್ದರು. ನೀರಿನಿಂದ ಮೇಲೆದ್ದ ಆ ಗೋಪುರ ಜನರನ್ನು ಸೆಳೆಯಿತು. ಈಜಿ ಹೋಗುವ ಸಾಹಸಿಗಳಿಂದ ಅಪಾಯವೆಂದು ಕಂಡು 1947ರ ಡಿಸೆಂಬರಿನಲ್ಲಿ ಅದನ್ನು ಸಿಡಿಮದ್ದಿನಿಂದ ಕೆಡವಿದರು.

ಅಂದರೆ ಡರ್ವೆಂಟಿನ ದೇವಾಲಯ ಇಂದು ಇಲ್ಲ, ಶೆಟ್ಟಿಹಳ್ಳಿಯದು ಇದೆ. ಆದರೂ ಡರ್ವೆಂಟಿನ ಕಥೆಯನ್ನು ತಾರೀಖು ಸಮೇತ ಹೇಳಬಹುದು. ಕಡೆಯ ಆರಾಧನೆಯ ದಿನ ಯಾವುದು, ಗಂಟೆ ಎಲ್ಲಿಗೆ ಹೋಯಿತು, ಸತ್ತವರು ಎಲ್ಲಿ ಮಲಗಿದ್ದಾರೆ, ಎಲ್ಲವೂ ಬರಹದಲ್ಲಿದೆ. 1976, 1995 ಮತ್ತು 2018ರ ಬರಗಳಲ್ಲಿ ನೀರು ಇಳಿದು ಊರಿನ ಅಡಿಪಾಯಗಳು ಕಾಣಿಸಿದಾಗ, ನೋಡಲು ಬಂದ ಜನರಿಗೆ ಇದು ಯಾರ ಮನೆ, ಇದು ಯಾವ ಬೀದಿ ಎಂದು ತೋರಿಸಿಕೊಡಲು ನಕ್ಷೆ, ಛಾಯಾಚಿತ್ರ, ದಾಖಲೆಗಳಿದ್ದವು. ಅಲ್ಲಿಯೂ ಬಂದವರೆಲ್ಲ ಸಭ್ಯರಾಗಿರಲಿಲ್ಲ. 2018ರಲ್ಲಿ ಉಳಿದ ಕಲ್ಲುಗಳ ಮೇಲೆ ಗೀಚಿದವರೂ ಇದ್ದರು. ಆದರೆ ಗೀಚಿದ್ದು ಯಾವುದರ ಮೇಲೆ ಎಂಬುದಾದರೂ ಅಲ್ಲಿ ತಿಳಿದಿತ್ತು.

ಕಟ್ಟಡವಿದೆ, ಕಥೆಯಿಲ್ಲ

ಶೆಟ್ಟಿಹಳ್ಳಿಗೆ ಇಂದು ಹೋಗುವವರು ಕಡಿಮೆಯೇನಲ್ಲ. ವಾರದ ಕಡೆಯ ದಿನಗಳಲ್ಲಿ ಬೆಂಗಳೂರು, ಮೈಸೂರುಗಳಿಂದ ಕಾರು, ಬೈಕುಗಳಲ್ಲಿ ಯುವಕ ಯುವತಿಯರು ಬರುತ್ತಾರೆ. ಮದುವೆಗೆ ಮುನ್ನ ಚಿತ್ರ ತೆಗೆಸಿಕೊಳ್ಳುವ ಜೋಡಿಗಳೂ ಬರುತ್ತವೆ. 'ತೇಲುವ ಚರ್ಚು', 'ಮುಳುಗುವ ಚರ್ಚು' ಎಂಬ ಹೆಸರುಗಳು ಪ್ರಚಾರದಲ್ಲಿವೆ. ಗೋಡೆಗಳ ಮೇಲೆ ಹೆಸರು ಕೆತ್ತಿದವರಿದ್ದಾರೆ, ಶೀಶೆ ಒಡೆದು ಹೋದವರಿದ್ದಾರೆ. ಅವರನ್ನೇ ದೂರುವುದು ಸುಲಭ. ಆದರೆ ಇದು ಒಂದು ಊರಿನ ಜನ ತಮ್ಮ ಮಕ್ಕಳಿಗೆ ಹೆಸರಿಟ್ಟ, ಹೆತ್ತವರನ್ನು ಮಣ್ಣಿಗೆ ಕಳಿಸಿಕೊಟ್ಟ ಜಾಗವೆಂದು ಅವರಿಗೆ ತಿಳಿಸಿದವರು ಯಾರು? ತಿಳಿಸಬೇಕಾಗಿದ್ದ ನಾವೇ ತಿಳಿಸಲಿಲ್ಲ.

ತಿಳಿಸದೆ ಇದ್ದುದರ ಫಲವನ್ನೂ ಕಾಣುತ್ತಿದ್ದೇವೆ. ಈ ದೇವಾಲಯವನ್ನು ಅಬ್ಬೆ ದುಬುವಾ ಅವರೇ ಕಟ್ಟಿಸಿದರೆಂದು ಹೇಳುವವರಿದ್ದಾರೆ. 1823ರಲ್ಲಿ ಭಾರತವನ್ನು ಬಿಟ್ಟು, 1848ರಲ್ಲಿ ತೀರಿಕೊಂಡವರು 1860ರ ದಶಕದ ಕಟ್ಟಡವನ್ನು ಕಟ್ಟಿಸುವುದು ಹೇಗೆ? ಸಕಲೇಶಪುರದ ಕಾಫಿ ತೋಟಗಳ ಆಂಗ್ಲ ದೊರೆಗಳಿಗಾಗಿಯೇ ಕಟ್ಟಿದ್ದೆಂಬ ಇನ್ನೊಂದು ಮಾತು ಪ್ರವಾಸಿ ಬರಹಗಳಲ್ಲಿ ಸುತ್ತುತ್ತಿದೆ. ಈ ಮಾತು ಪದೇ ಪದೇ ಅಚ್ಚಾದಂತೆ, ಅಲ್ಲಿ ಉತ್ತು ಬಿತ್ತಿ ಬಾಳಿದ ಕನ್ನಡ ಕಥೋಲಿಕ ಒಕ್ಕಲು ಮಕ್ಕಳು ತಮ್ಮದೇ ದೇವಾಲಯದ ಕಥೆಯಿಂದ ಮರೆಯಾಗುತ್ತಾರೆ. ಒಂದು ಊರು ಮೊದಲು ನೀರಿನಲ್ಲಿ ಮುಳುಗಿತು. ಎರಡನೆಯ ಬಾರಿ ಮರೆವಿನಲ್ಲಿ ಮುಳುಗುತ್ತಿದೆ. ಮೊದಲನೆಯದನ್ನು ತಡೆಯುವ ಶಕ್ತಿ ಆ ಹಳ್ಳಿಗರಿಗೆ ಇರಲಿಲ್ಲ. ಎರಡನೆಯದನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಕಟ್ಟಡವೂ ಬಹುಕಾಲ ಉಳಿಯುವಂಥದಲ್ಲ. ವರ್ಷ ವರ್ಷವೂ ನೆನೆದು ಒಣಗುವ ಗಾರೆ ಸಡಿಲವಾಗುತ್ತಿದೆ. ಮಳೆಗಾಲದಲ್ಲಿ ಗೋಡೆಗಳ ಭಾಗಗಳು ಕುಸಿದು ಬಿದ್ದಿವೆ. ಸುಣ್ಣದ ಗಾರೆ ಎಷ್ಟೇ ಗಟ್ಟಿಯಾದರೂ ನೀರಿನೊಡನೆ ಇಷ್ಟು ದೀರ್ಘಕಾಲ ಸೆಣಸಲಾರದು. ಕಲ್ಲು ಬಿದ್ದುಹೋದ ದಿನ ಕಥೆಯನ್ನು ಯಾರಿಂದ ಕೇಳುವುದು?

ಪುಸ್ತಕದಲ್ಲಿ ಉಳಿಯುವ ಊರು

ಕಥೆ ಉಳಿಸುವ ಸಾಧನ ನಮ್ಮ ಧರ್ಮಸಭೆಯಲ್ಲಿ ಶತಮಾನಗಳಿಂದ ಇದೆ. 1563ರಲ್ಲಿ ಟ್ರೆಂಟ್ ಮಹಾಸಭೆ ಪ್ರತಿಯೊಂದು ಧರ್ಮಕೇಂದ್ರದ ಗುರುವೂ ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಇಂಗ್ಲೆಂಡಿನಲ್ಲಿ ಅದಕ್ಕೂ ಮುಂಚೆ, 1538ರಲ್ಲಿ, ಜ್ಞಾನಸ್ನಾನ, ಮದುವೆ, ಸಾವುಗಳ ದಾಖಲೆ ಇಡಬೇಕೆಂಬ ಆಜ್ಞೆ ಹೊರಟಿತ್ತು. ಅಲ್ಲಿನ ಸಣ್ಣ ಸಣ್ಣ ಹಳ್ಳಿಗಳೂ ತಮ್ಮ ಚರಿತ್ರೆಯನ್ನು ನಾಲ್ಕೈದು ಶತಮಾನ ಹಿಂದಕ್ಕೆ ಹೇಳಬಲ್ಲವಾದರೆ ಅದಕ್ಕೆ ಮುಖ್ಯ ಕಾರಣ ಅರಮನೆಯ ಶಾಸನಗಳಲ್ಲ, ದೇವಾಲಯದ ಪೆಟ್ಟಿಗೆಯಲ್ಲಿದ್ದ ಈ ಪುಸ್ತಕಗಳು. 1983ರ ಕಥೋಲಿಕ ಧರ್ಮಸಂಹಿತೆಯ 535ನೆಯ ನಿಯಮವೂ ಪ್ರತಿ ಧರ್ಮಕೇಂದ್ರದಲ್ಲಿ ಈ ದಾಖಲೆಗಳು ಇರಬೇಕು, ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ.

ದಾಖಲೆಯ ಬಲವೇನೆಂಬುದಕ್ಕೆ ದುಬುವಾ ಅವರ ಕಥೆಯೇ ಸಾಕ್ಷಿ. ಹಿಂದೂ ಆಚಾರ ಸಂಪ್ರದಾಯಗಳನ್ನು ಕುರಿತು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಗ್ರಂಥ ಲೋಕಪ್ರಸಿದ್ಧವಾಯಿತು. ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ಅವರು ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ನೋಡಿ, ಅದರ ಬಹುಭಾಗ ಹಿಂದಿನ ಜೆಸ್ವಿಟ್ ಗುರು ಕೂರ್ದೂ ಅವರ ಬರಹವನ್ನು ಆಧರಿಸಿದ್ದೆಂದು 1987ರಲ್ಲಿ ತೋರಿಸಿಕೊಟ್ಟರು. ಇನ್ನೂರು ವರ್ಷ ಮರೆಯಾಗಿದ್ದ ಒಬ್ಬರ ದುಡಿಮೆಗೆ ನ್ಯಾಯ ಸಿಕ್ಕಿದ್ದು ಯಾರೋ ಪುಣ್ಯಾತ್ಮರು ಕಾಗದಗಳನ್ನು ಎಸೆಯದೆ ಇಟ್ಟಿದ್ದರಿಂದ.

ಹಾಗಾದರೆ ನಾವು ಮಾಡಬಹುದಾದುದೇನು? ಇದಕ್ಕೆ ದೊಡ್ಡ ಹಣವೂ ಬೇಡ, ದೊಡ್ಡ ಪಾಂಡಿತ್ಯವೂ ಬೇಡ. ಮೊದಲನೆಯದಾಗಿ, ನಮ್ಮ ನಮ್ಮ ಧರ್ಮಕೇಂದ್ರದ ಹಳೆಯ ಪುಸ್ತಕಗಳು ಎಲ್ಲಿವೆ, ಗೆದ್ದಲು ಹಿಡಿಯದಂತೆ ಇವೆಯೇ ಎಂದು ಗುರುಗಳನ್ನು ವಿನಯದಿಂದ ವಿಚಾರಿಸಬೇಕು. ಅವರ ಅನುಮತಿ ಪಡೆದು ಪುಟಗಳ ಚಿತ್ರ ತೆಗೆದಿಟ್ಟರೆ ಮೂಲ ಪ್ರತಿ ಹಾಳಾದರೂ ಹೆಸರುಗಳು ಉಳಿಯುತ್ತವೆ. ಎರಡನೆಯದಾಗಿ, ಗಂಟೆಯ ಮೇಲಿನ ಅಕ್ಷರ, ಬಾಗಿಲ ಮೇಲಿನ ವರ್ಷ, ಸಮಾಧಿ ಕಲ್ಲುಗಳ ಬರಹ ಇವನ್ನು ಮಸುಕಾಗುವ ಮೊದಲೇ ನಕಲು ಮಾಡಿಕೊಳ್ಳಬೇಕು. ಸುಣ್ಣ ಬಳಿಯುವ ಉತ್ಸಾಹದಲ್ಲಿ ಎಷ್ಟು ಶಾಸನಗಳು ಮುಚ್ಚಿಹೋಗಿವೆಯೋ! ಮೂರನೆಯದಾಗಿ, ಊರಿನ ಹಿರಿಯರ ಬಳಿ ಕುಳಿತು ಕೇಳಬೇಕು. ಮೊದಲು ಬಂದ ಮನೆತನಗಳಾವುವು, ಎಲ್ಲಿಂದ ಬಂದರು, ಹಳೆಯ ದೇವಾಲಯಕ್ಕೆ ಕಲ್ಲು ಹೊತ್ತವರಾರು, ತೇರು ಯಾವ ಬೀದಿಯಲ್ಲಿ ಹೋಗುತ್ತಿತ್ತು, ಅನ್ಯಮತದ ನೆರೆಯವರು ಹಬ್ಬಕ್ಕೆ ಏನು ಕೊಡುತ್ತಿದ್ದರು ಎಂದು ಕೇಳಬೇಕು. ಶೆಟ್ಟಿಹಳ್ಳಿಯಲ್ಲಿ ಬಾಲ್ಯ ಕಳೆದವರು ಇಂದು ಮುಪ್ಪಿನ ಅಂಚಿನಲ್ಲಿದ್ದಾರೆ. ಅವರಿಗೆ ಗೊತ್ತಿರುವುದನ್ನು ಕೇಳಲು ನಮಗೆ ಉಳಿದಿರುವ ಕಾಲ ಬಹಳವಿಲ್ಲ.

ಫ್ರೆಂಚ್ ಗುರುಗಳು ವರ್ಷಕ್ಕೊಮ್ಮೆ ಪ್ಯಾರಿಸ್ಸಿಗೆ ಬರೆದು ಕಳಿಸುತ್ತಿದ್ದ ವರದಿಗಳು ಅಲ್ಲಿನ ವಿದೇಶಿ ಮಿಷನ್ ಸಂಸ್ಥೆಯ ಸಂಗ್ರಹದಲ್ಲಿವೆ. ನಮ್ಮ ಹಳ್ಳಿಗಳ ಬರ, ಪ್ಲೇಗು, ಹೊಸ ದೇವಾಲಯ, ಹಳೆಯ ಜಗಳ ಎಲ್ಲವೂ ಅಂಥ ಪತ್ರಗಳಲ್ಲಿ ಸಿಗುತ್ತವೆ. ಫ್ರೆಂಚ್ ಬಲ್ಲ ನಮ್ಮ ತರುಣ ವಿದ್ವಾಂಸರು, ಗುರುಮಠದ ವಿದ್ಯಾರ್ಥಿಗಳು ಅವನ್ನು ಕನ್ನಡಕ್ಕೆ ತಂದರೆ ಎಷ್ಟೋ ಹಳ್ಳಿಗಳ ಕಳೆದುಹೋದ ಶತಮಾನ ಮರಳಿ ಸಿಕ್ಕೀತು.

ನೆರೆಯ ಉದಾಹರಣೆಯೊಂದನ್ನು ಇಲ್ಲಿ ಸ್ಮರಿಸದಿರುವುದು ತಪ್ಪಾದೀತು. 1911ರಲ್ಲಿ ಕೆಲಸ ಮೊದಲಾದ ಕೃಷ್ಣರಾಜಸಾಗರದಿಂದ ಹಳೆಯ ಕನ್ನಂಬಾಡಿ ಗ್ರಾಮವೂ ಅಲ್ಲಿನ ಹೊಯ್ಸಳ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿದವು. ಬರದ ವರ್ಷಗಳಲ್ಲಿ ಮಾತ್ರ ಅದು ತಲೆದೋರುತ್ತಿತ್ತು. ಈ ಶತಮಾನದಲ್ಲಿ ಉದಾರಿಗಳ ನೆರವಿನಿಂದ ಅದರ ಕಲ್ಲುಗಳನ್ನು ಗುರುತು ಹಾಕಿ ಬಿಚ್ಚಿ, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಲಾಯಿತು. ಎಲ್ಲ ದೇವಾಲಯಗಳನ್ನೂ ಹೀಗೆ ಎತ್ತಿ ನಿಲ್ಲಿಸಲಾಗದು. ಇಟ್ಟಿಗೆ ಗಾರೆಯ ಕಟ್ಟಡವನ್ನು ಬಿಚ್ಚಿ ಜೋಡಿಸುವುದು ಕಲ್ಲಿನ ಕಟ್ಟಡದಷ್ಟು ಸುಲಭವೂ ಅಲ್ಲ. ಆದರೆ ಮುಳುಗಿದ್ದನ್ನು ಮರೆಯಬೇಕಾಗಿಲ್ಲವೆಂಬುದನ್ನು ಕನ್ನಂಬಾಡಿ ಕಲಿಸುತ್ತದೆ. ಶೆಟ್ಟಿಹಳ್ಳಿಯ ಗೋಡೆಗಳ ಬಳಿ, ಈ ಊರಿನ ಹೆಸರು, ಕಟ್ಟಿದ ಕಾಲ, ಎದ್ದುಹೋದ ಕಾಲ, ಇದು ಪ್ರಾರ್ಥನೆಯ ಸ್ಥಳವಾಗಿತ್ತೆಂಬ ನಾಲ್ಕು ಸಾಲುಗಳ ಕಲ್ಲೊಂದನ್ನು ನಿಲ್ಲಿಸುವುದು ಅಸಾಧ್ಯವಾದ ಕೆಲಸವೇ?

ಕಡೆಯ ಮಾತು

ಧರ್ಮಕೇಂದ್ರವೆಂದರೆ ಗೋಡೆಯಲ್ಲ, ಜನ ಎಂದು ಪ್ರವಚನಗಳಲ್ಲಿ ಆಗಾಗ್ಗೆ ಕೇಳುತ್ತೇವೆ. ಮಾತು ನಿಜ. ಶೆಟ್ಟಿಹಳ್ಳಿಯ ಜನ ಹೋದ ಹೋದಲ್ಲಿ ಪ್ರಾರ್ಥಿಸಿದ್ದಾರೆ, ಮಕ್ಕಳನ್ನು ಬೆಳೆಸಿದ್ದಾರೆ. ಅವರ ವಿಶ್ವಾಸವನ್ನು ಹೇಮಾವತ ಮುಳುಗಿಸಲಿಲ್ಲ. ಆದರೆ ಜನರೆಂದರೆ ಇಂದು ಬದುಕಿರುವವರು ಮಾತ್ರವೇ? ಆ ಅಂಗಳದಲ್ಲಿ ಮಲಗಿದವರೂ ಅದೇ ಧರ್ಮಕೇಂದ್ರದವರು. ಅವರ ಹೆಸರನ್ನು ನೆನಪಿಡುವುದು ಸಂತರ ಸಮೂಹದಲ್ಲಿ ನಂಬಿಕೆಯಿಟ್ಟವರ ಕರ್ತವ್ಯ.

ಹುಲ್ಲಹಳ್ಳಿಯ ನಾಲೆಯ ಬದುವಿನಲ್ಲಿ, ನಂಜನಗೂಡಿನ ಸೋಪಾನಗಳಲ್ಲಿ, ನರಸೀಪುರದ ಕೂಡಲಿನಲ್ಲಿ ನಿಂತು ನೀರನ್ನು ನೋಡುವಾಗ, ಇದರಲ್ಲಿ ಯಾರ ಯಾರ ಮನೆಯಂಗಳ ಸೇರಿದೆಯೆಂದು ಒಂದು ಗಳಿಗೆ ಯೋಚಿಸೋಣ. ಆಮೇಲೆ ಮನೆಗೆ ಹೋಗಿ, ಅಜ್ಜಿಯೋ ತಾತನೋ ಇನ್ನೂ ಬದುಕಿದ್ದರೆ ಅವರ ಪಕ್ಕದಲ್ಲಿ ಒಂದು ಪುಸ್ತಕ ಹಿಡಿದು ಕೂರೋಣ. ನಮ್ಮ ಊರು ಮುಳುಗುವ ಮೊದಲೇ ಅದರ ಚರಿತ್ರೆಯನ್ನು ಬರೆದಿಡುವ ಭಾಗ್ಯ ನಮಗಿದೆ. ಶೆಟ್ಟಿಹಳ್ಳಿಯವರಿಗೆ ಆ ಬಿಡುವು ಸಿಗಲಿಲ್ಲ.